ಸಾರಿಗೆ ಸಚಿವರಿಗೆ ಒಬ್ಬ ಲಾರಿ ಡ್ರೈವರ್ ಹೆಂಡತಿಯ ಬಹಿರಂಗ ಪತ್ರ: ಮೆಡಿಕಲ್ ಸರ್ಟಿಫಿಕೇಟಲ್ಲಿ ನಿದ್ದೆ ಬಗ್ಗೆ ಯಾಕೆ ಒಂದೂ ಪ್ರಶ್ನೆ ಇಲ್ಲ?

ಮಾನ್ಯ ಸಾರಿಗೆ ಸಚಿವರಿಗೆ,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ಸಾರ್, ನಮಸ್ಕಾರ.

ನಾನು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ಅಂಗನವಾಡಿ ಕಾರ್ಯಕರ್ತೆ. ನಮ್ಮನೆಯವರು 23 ವರ್ಷದಿಂದ ಲಾರಿ ಓಡಿಸ್ತಾರೆ, ಈಗ ಅವರಿಗೆ 47 ವಯಸ್ಸು. ನಮ್ಮ ಕಡೆ ಮೆಕ್ಕೆಜೋಳ ಲೋಡ್ ಮಾಡ್ಕೊಂಡು ತಮಿಳುನಾಡಿನ ನಾಮಕ್ಕಲ್‌ಗೆ ಹೋಗ್ತಾರೆ, ಅಲ್ಲಿ ಕೋಳಿ ಫಾರಂ ಜಾಸ್ತಿ, ನಮ್ಮ ಜೋಳ ಅಲ್ಲಿ ಕೋಳಿ ಫೀಡ್ ಆಗುತ್ತೆ. ಹೋಗಿ ಬರೋಕೆ ನಾಲ್ಕೈದು ದಿನ. ಅವರು ಓದಿದ್ದು ಏಳನೇ ಕ್ಲಾಸ್ ತನಕ, ಹಂಗಾಗಿ ಮನೇಲಿ ಯಾವ ಫಾರಂ ಬಂದ್ರೂ ತುಂಬೋದು ನಾನೇ, ರೇಷನ್ ಕಾರ್ಡ್ ಇರ್ಲಿ, ಬ್ಯಾಂಕ್ ಇರ್ಲಿ, ಆರ್‌ಟಿಒ ಇರ್ಲಿ. ಈಗ ಅವರ ಲೈಸೆನ್ಸ್ ರಿನೀವಲ್‌ಗೆ ಬಂದಿದೆ. ಮೂರು ದಿನದಿಂದ ಆ ಫಾರಂ ಮುಂದಿಟ್ಕೊಂಡು ಕೂತಿದೀನಿ, ಕೊನೇ ಪ್ರಶ್ನೆಗೆ ಏನು ಬರೀಬೇಕು ಅಂತ ಗೊತ್ತಾಗ್ತಿಲ್ಲ, ಅದಕ್ಕೇ ನಿಮಗೆ ಬರೀತಿದೀನಿ.

ಹಿಂದಿನ ಸಲ ರಿನೀವಲ್ ಮಾಡಿಸಿದ್ದು 2021ರಲ್ಲಿ. ಆಗ ಇಷ್ಟೆಲ್ಲ ಯೋಚನೆನೇ ಇರಲಿಲ್ಲ. ಏಜೆಂಟ್ ಒಬ್ಬರಿಗೆ ದುಡ್ಡು ಕೊಟ್ವಿ, ಫೋಟೋ ಕೊಟ್ವಿ, ಸಂಜೆ ಹೊತ್ತಿಗೆ ಡಾಕ್ಟರ್ ಸೀಲ್ ಬಿದ್ದ 1ಎ ಫಾರಂ, ಅಂದ್ರೆ ಮೆಡಿಕಲ್ ಸರ್ಟಿಫಿಕೇಟ್, ಕೈಗೆ ಬಂತು. ನಮ್ಮನೆಯವರು ಆ ಡಾಕ್ಟರ್ ಮುಖಾನೇ ನೋಡಿಲ್ಲ. ಇದು ತಪ್ಪು ಅಂತ ಗೊತ್ತಿದ್ದೂ ಮಾಡಿದ್ವಿ, ಯಾಕಂದ್ರೆ ಎಲ್ರೂ ಹಂಗೇ ಮಾಡ್ತಿದ್ರು, ಒಂದು ದಿನ ಲಾರಿ ನಿಂತ್ರೆ ಆ ದಿನದ ಬಾಟ ಹೋಗುತ್ತೆ.

ಆದ್ರೆ ಸಾರ್, ಅವತ್ತು ನಾವು ನಿಯತ್ತಾಗಿ ಆಸ್ಪತ್ರೆಗೆ ಹೋಗಿ, ಡಾಕ್ಟರು ಫಾರಂನಲ್ಲಿ ಇರೋ ಪ್ರತಿ ಸಾಲನ್ನೂ ಸರಿಯಾಗಿ ಚೆಕ್ ಮಾಡಿದ್ರೂ ನಮ್ಮನೆಯವರು ಪಾಸಾಗ್ತಿದ್ರು. ನಾನೀಗ ಆ ಫಾರಂ ಮೊದಲಿಂದ ಕೊನೇ ತನಕ ಓದಿದೀನಿ. 1989ರ ಕೇಂದ್ರ ಮೋಟಾರು ವಾಹನ ನಿಯಮದ ಫಾರಂ ಅದು. ಬಣ್ಣ ಗುರುತಿಸೋಕೆ ಆಗುತ್ತಾ, 25 ಮೀಟರ್ ದೂರದಿಂದ ಹಗಲು ಬೆಳಕಲ್ಲಿ ನಂಬರ್ ಪ್ಲೇಟ್ ಓದೋಕೆ ಆಗುತ್ತಾ, ಇರುಳುಗಣ್ಣು ಇದೆಯಾ, ಹಾರ್ನ್ ಕೇಳಿಸುತ್ತಾ, ಕೈಕಾಲು ಸರಿ ಇದೆಯಾ. ನಾವು ತುಂಬೋ ಇನ್ನೊಂದು ಫಾರಂನಲ್ಲಿ ಮೂರ್ಛೆ ರೋಗ ಇದೆಯಾ, ತಲೆಸುತ್ತು ಬಂದು ಜ್ಞಾನ ತಪ್ಪುತ್ತಾ ಅಂತಾನೂ ಕೇಳ್ತಾರೆ. ಎಲ್ಲಾ ಕೇಳಲೇಬೇಕಾದ ಪ್ರಶ್ನೆಗಳೇ. ಆದ್ರೆ ಎಚ್ಚರ ಇದ್ದಾಗ ಕಣ್ಣು ಕಾಣುತ್ತಾ ಅಂತ ಕೇಳೋ ಫಾರಂ, ರಾತ್ರಿ ಪೂರ್ತಿ ಎಚ್ಚರ ಇರೋಕೆ ಆಗುತ್ತಾ ಅಂತ ಎಲ್ಲೂ ಕೇಳಲ್ಲ. ನಿದ್ದೆ ಅನ್ನೋ ಪದಾನೇ ಅದರಲ್ಲಿಲ್ಲ.

ನಮ್ಮನೆಯವರ ಗೊರಕೆ ಮದುವೆ ಆದಾಗಿಂದಾನೂ ಇತ್ತು. ಆದ್ರೆ ಒಂದು ಏಳೆಂಟು ವರ್ಷದಿಂದ ಅದು ಬೇರೆ ಥರ ಆಯ್ತು. ಜೋರಾಗಿ ಗೊರಕೆ ಹೊಡೀತಾ ಹೊಡೀತಾ ಇದ್ದಂಗೇ ಒಂದೇ ಸಲಕ್ಕೆ ನಿಂತುಹೋಗೋದು, ಎದೆ ಮಾತ್ರ ಒದ್ದಾಡೋದು, ಉಸಿರಿನ ಸದ್ದಿಲ್ಲ. ನಾನು ಕತ್ತಲಲ್ಲಿ ಎದ್ದು ಕೂತು ಮೂಗಿನ ಹತ್ರ ಕೈ ಇಟ್ಟು ನೋಡ್ತಿದ್ದೆ. ಆಮೇಲೆ ನೀರಲ್ಲಿ ಮುಳುಗಿದೋರು ಮೇಲೆ ಬಂದಂಗೆ ಒಂದು ದೊಡ್ಡ ಉಸಿರು ಎಳ್ಕೊಂಡು ಮಗ್ಗುಲಾಗೋರು, ಮತ್ತೆ ಗೊರಕೆ ಶುರು. ಒಂದು ರಾತ್ರಿ ಮೊಬೈಲಲ್ಲಿ ಟೈಮ್ ಇಟ್ಟು ನೋಡಿದೆ, 20 ಸೆಕೆಂಡ್, 25 ಸೆಕೆಂಡ್, ಒಂದು ಸಲ 41 ಸೆಕೆಂಡ್. ಬೆಳಿಗ್ಗೆ ಕೇಳಿದ್ರೆ ಅವರಿಗೆ ಏನೂ ನೆನಪಿರ್ತಿರಲಿಲ್ಲ, "ಚೆನ್ನಾಗಿ ನಿದ್ದೆ ಬಂತು ಕಣೆ, ಆದ್ರೂ ತಲೆ ಭಾರ" ಅನ್ನೋರು. ನಮ್ಮತ್ತೆ "ದುಡಿದು ಬಂದ ಗಂಡಸು, ಮೈಮರೆತು ಮಲಗವ್ನೆ, ಗೊರಕೆ ಹೊಡೀಲಿ ಬಿಡು" ಅಂತಿದ್ರು. ನಮ್ಮ ಕಡೆ ಗೊರಕೆ ಅಂದ್ರೆ ಗಾಢ ನಿದ್ದೆ ಅಂತಾನೇ ಎಲ್ರ ನಂಬಿಕೆ, ನಾನೂ ಹಂಗೇ ಅನ್ಕೊಂಡಿದ್ದೆ. ಇದು ಒಂದು ಕಾಯಿಲೆ, ಇದಕ್ಕೆ ಹೆಸರಿದೆ, ಸ್ಲೀಪ್ ಆಪ್ನಿಯಾ ಅಂತಾರೆ ಅನ್ನೋದು ಗೊತ್ತಾಗೋಕೆ ಇಷ್ಟು ವರ್ಷ ಬೇಕಾಯ್ತು.

ಹಗಲು ಹೊತ್ತು ಎಲ್ಲಿ ಕೂತ್ರೆ ಅಲ್ಲೇ ಜೊಂಪು. ನೆಂಟರ ಮದುವೇಲಿ ಊಟದ ಪಂಕ್ತಿಗೆ ಕೂತೋರು ಎಲೆಗೆ ಪಲ್ಯ ಬರೋದ್ರೊಳಗೆ ತೂಕಡಿಸೋರು. ರೈಲ್ವೆ ಗೇಟ್ ಹಾಕಿದ್ರೆ ಸ್ಟೇರಿಂಗ್ ಮೇಲೆ ತಲೆ ಇಟ್ಟು ನಿದ್ದೆ, ಗೇಟ್ ತೆಗೆದು ಹಿಂದಿನ ಗಾಡಿಯೋರು ಹಾರ್ನ್ ಹೊಡೆದು ಬೈದ ಮೇಲೇ ಎಚ್ಚರ. ಬಿಪಿ ಮಾತ್ರೆ ಎರಡು ಥರದ್ದು ತಗೊಂಡ್ರೂ ಬಿಪಿ ಇಳೀತಿರಲಿಲ್ಲ. ಮಾತ್ರೆ ಬರೆದುಕೊಟ್ಟ ಡಾಕ್ಟರುಗಳು ಉಪ್ಪು ಕಮ್ಮಿ ಮಾಡಿ, ಟೆನ್ಷನ್ ಮಾಡ್ಕೋಬೇಡಿ ಅಂದ್ರೇ ಹೊರತು ನಿದ್ದೆ ಹೆಂಗೆ ಮಾಡ್ತೀರಾ ಅಂತ ಒಬ್ರೂ ಕೇಳಲಿಲ್ಲ.

2024ರ ನವೆಂಬರ್. ನಾಮಕ್ಕಲ್‌ನಲ್ಲಿ ಲೋಡ್ ಖಾಲಿ ಮಾಡಿ ವಾಪಸ್ ಬರ್ತಿದ್ರು. ಇದನ್ನ ಸ್ವಲ್ಪ ಗಮನ ಇಟ್ಟು ಓದಿ ಸಾರ್. ಅವರು ನಿದ್ದೆ ಬಿಟ್ಟು ಓಡಿಸಿದ್ದಲ್ಲ, ಅನ್‌ಲೋಡಿಂಗ್‌ಗೆ ಕ್ಯೂ ಇದ್ದಿದ್ರಿಂದ ಹಿಂದಿನ ದಿನ ಕ್ಯಾಬಿನ್‌ನಲ್ಲಿ ಆರೇಳು ಗಂಟೆ ಮಲಗಿದ್ರು. ಕುಡಿಯೋ ಅಭ್ಯಾಸ ಅವರಿಗಿಲ್ಲ. ತೊಪ್ಪೂರು ಘಾಟ್ ದಾಟಿ ಬಂದಿದಾರೆ, ಅದು ಧರ್ಮಪುರಿ ಕಡೆಯ ಅಪಾಯದ ಘಾಟ್, ಅಲ್ಲಿ ಎಂಥ ಡ್ರೈವರಾದ್ರೂ ಮೈಯೆಲ್ಲಾ ಕಣ್ಣಾಗಿರ್ತಾನೆ. ಬೆಂಗಳೂರು ದಾಟಿ ಶಿರಾ ಬಿಟ್ಟು ಹಿರಿಯೂರಿಗೆ ಬರೋ ಸಪಾಟು ರೋಡಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಕಣ್ಣು ಹತ್ತಿದೆ. ಲಾರಿ ಎಡಕ್ಕೆ ಎಳ್ಕೊಂಡು ಹೋಗಿ ಕಬ್ಬಿಣದ ತಡೆಗೋಡೆಗೆ ಉಜ್ಜಿದೆ, ಪಕ್ಕದಲ್ಲಿದ್ದ ಕ್ಲೀನರ್ ಹುಡುಗ ಕಿರುಚಿಕೊಂಡಾಗ ಬ್ರೇಕ್ ಒತ್ತಿದಾರೆ. ಯಾರಿಗೂ ಏನೂ ಆಗಲಿಲ್ಲ. ಅಲ್ಲಿಂದ ಇನ್ನೂರು ಮೀಟರ್ ಮುಂದೆ ಒಂದು ಟೆಂಪೋ ಪಂಕ್ಚರ್ ಆಗಿ ನಿಂತಿತ್ತಂತೆ, ನಾಲ್ಕು ಜನ ಕೆಳಗಿಳಿದು ಟಾರ್ಚ್ ಹಿಡ್ಕೊಂಡು ನಿಂತಿದ್ರಂತೆ. ಇದನ್ನ ಅವರು ನನಗೆ ಹೇಳಿದ್ದು ಎರಡು ತಿಂಗಳಾದ ಮೇಲೆ, ಅಳ್ತಾ ಹೇಳಿದ್ರು. ಮಾಲೀಕರು ಮೊದಲು ಕೇಳಿದ್ದು "ಕುಡಿದಿದ್ಯೇನಯ್ಯಾ" ಅಂತ. ರಿಪೇರಿ ದುಡ್ಡು ಸಂಬಳದಲ್ಲಿ ಮುರ್ಕೊಂಡ್ರು.

ನನ್ನ ಮಗಳು ನರ್ಸಿಂಗ್ ಓದ್ತಾಳೆ. ಯುಗಾದಿಗೆ ಊರಿಗೆ ಬಂದಾಗ ರಾತ್ರಿ ಅಪ್ಪನ ಗೊರಕೆ ನಿಲ್ಲೋದನ್ನ ಕೇಳಿಸ್ಕೊಂಡು ಬೆಳಿಗ್ಗೆ ನನ್ನನ್ನ ಕೂರಿಸಿಕೊಂಡು ಎಂಟು ಪ್ರಶ್ನೆ ಕೇಳಿದ್ಲು. ಜೋರಾಗಿ ಗೊರಕೆ ಹೊಡೀತಾರಾ, ಹಗಲು ಸುಸ್ತಾ, ನಿದ್ದೇಲಿ ಉಸಿರು ನಿಲ್ಲೋದನ್ನ ಯಾರಾದ್ರೂ ನೋಡಿದಾರಾ, ಬಿಪಿ ಇದೆಯಾ, ತೂಕ ಎಷ್ಟು, ವಯಸ್ಸೆಷ್ಟು, ಕುತ್ತಿಗೆ ಸುತ್ತಳತೆ ಎಷ್ಟು, ಗಂಡಸಾ ಹೆಂಗಸಾ. ಇಷ್ಟೇ, ಸ್ಟಾಪ್-ಬ್ಯಾಂಗ್ ಅಂತಾರಂತೆ ಇದಕ್ಕೆ, ಬೇರೆ ದೇಶಗಳಲ್ಲೆಲ್ಲಾ ಡಾಕ್ಟರುಗಳು ಬಳಸ್ತಾರೆ. ಎರಡು ನಿಮಿಷದ ಕೆಲಸ, ಒಂದು ಟೇಪ್ ಇದ್ರೆ ಸಾಕು. ಕುತ್ತಿಗೆ 40 ಸೆಂಟಿಮೀಟರ್ ದಾಟಿದ್ರೆ ಒಂದು ಅಂಕ, ನಮ್ಮನೆಯವರದ್ದು 43. ಮೂರನೇ ಪ್ರಶ್ನೆಗೆ ನಾನು ಉತ್ತರ ಕೊಡುವಾಗ ಕೈ ನಡುಗ್ತಿತ್ತು. ಯಾಕಂದ್ರೆ ಆ ಉತ್ತರ ನನ್ನ ಹತ್ರ ಏಳೆಂಟು ವರ್ಷದಿಂದ ಇತ್ತು, ಯಾರೂ ಕೇಳಿರಲಿಲ್ಲ, ಹೇಳ್ಬೇಕು ಅಂತ ನನಗೂ ಗೊತ್ತಿರಲಿಲ್ಲ. ಮಲಗಿರೋ ಮನುಷ್ಯನಿಗೆ ತನ್ನ ಉಸಿರು ನಿಲ್ಲೋದು ಹೆಂಗೆ ಗೊತ್ತಾಗುತ್ತೆ? ಅದು ಪಕ್ಕದಲ್ಲಿ ಎಚ್ಚರವಾಗಿರೋರಿಗೆ ಮಾತ್ರ ಗೊತ್ತಾಗೋ ಕಾಯಿಲೆ.

ಆಮೇಲೆ ದಾವಣಗೆರೇಲಿ ಟೆಸ್ಟ್ ಮಾಡಿಸಿದ್ವಿ. ಬೆರಳಿಗೆ ಒಂದು ಕ್ಲಿಪ್ಪು, ಮೂಗಿಗೆ ಒಂದು ಕೊಳವೆ, ಎದೆಗೆ ಒಂದು ಪಟ್ಟಿ ಕಟ್ಕೊಂಡು ಮನೇಲೇ ಒಂದು ರಾತ್ರಿ ಮಲಗೋದು. ರಿಪೋರ್ಟಲ್ಲಿ ಗಂಟೆಗೆ 46 ಅಂತ ಬಂತು. ಅಂದ್ರೆ ಒಂದೊಂದು ಗಂಟೇಲೂ 46 ಸಲ ಹತ್ತು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಉಸಿರು ನಿಂತಿದೆ ಇಲ್ಲಾ ಬಹಳ ಕಮ್ಮಿಯಾಗಿದೆ. 5ರ ಒಳಗಿದ್ರೆ ಸರಿ, 15 ದಾಟಿದ್ರೆ ಮಧ್ಯಮ, 30 ದಾಟಿದ್ರೆ ತೀವ್ರ. ಡಾಕ್ಟರು ಬಿಡಿಸಿ ಹೇಳಿದ್ರು: ನಿದ್ದೆ ಹತ್ತಿದ ಮೇಲೆ ಗಂಟಲಿನ ಸ್ನಾಯು ಸಡಿಲ ಆಗಿ ಉಸಿರಿನ ದಾರಿ ಮುಚ್ಕೊಳ್ಳುತ್ತೆ, ರಕ್ತದಲ್ಲಿ ಆಕ್ಸಿಜನ್ ಇಳಿಯುತ್ತೆ, ಮೆದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತೆ, ದಾರಿ ತೆರೆಯುತ್ತೆ, ಮತ್ತೆ ನಿದ್ದೆ, ಮತ್ತೆ ಮುಚ್ಚುತ್ತೆ. ಏಳು ಗಂಟೆ ಮಲಗಿದ್ರೆ ಮುನ್ನೂರು ಸಲ ಹಿಂಗೆ. ಮಲಗಿದ್ದು ಏಳು ಗಂಟೆ, ಮೈಗೆ ಸಿಕ್ಕಿದ್ದು ತೀರಾ ಕಮ್ಮಿ. ಬಿಪಿ ಇಳೀದೆ ಇದ್ದಿದ್ದಕ್ಕೂ ಇದು ಒಂದು ಕಾರಣ ಅಂದ್ರು.

ದಪ್ಪ ಇದ್ದೋರಿಗೆ ಮಾತ್ರ ಬರುತ್ತೆ ಅಂತ ಬಹಳ ಜನ ತಿಳ್ಕೊಂಡಿದಾರೆ. ತೂಕ ಹೆಚ್ಚಾದ್ರೆ ಬರೋ ಸಾಧ್ಯತೆ ಹೆಚ್ಚು ಅನ್ನೋದು ನಿಜ, ಆದ್ರೆ ದವಡೆ, ಗಂಟಲಿನ ಆಕಾರದಿಂದಾನೂ ಬರುತ್ತೆ, ನಮ್ಮ ಏಷ್ಯಾದ ಜನಕ್ಕೆ ಕಮ್ಮಿ ತೂಕದಲ್ಲೇ ಬರುತ್ತಂತೆ. 2023ರಲ್ಲಿ ದೆಹಲಿಯ ಏಮ್ಸ್ ಡಾಕ್ಟರುಗಳು ನಮ್ಮ ದೇಶದಲ್ಲಿ ಆದ ಅಧ್ಯಯನಗಳನ್ನೆಲ್ಲಾ ಸೇರಿಸಿ ನೋಡಿ, ದುಡಿಯೋ ವಯಸ್ಸಿನ ಸುಮಾರು 10 ಕೋಟಿ ಭಾರತೀಯರಿಗೆ ಇದು ಇದೆ ಅಂತ ಅಂದಾಜು ಮಾಡಿದಾರೆ. ಇದು ಹೆಚ್ಚಾಗಿ ಕಾಣೋದು ನಡುವಯಸ್ಸಿನ ಗಂಡಸರಲ್ಲಿ, ಕೂತೇ ಕೆಲಸ ಮಾಡಿ, ಹೊತ್ತಲ್ಲದ ಹೊತ್ತಲ್ಲಿ ಡಾಬಾ ಊಟ ಮಾಡಿ ತೂಕ ಏರಿಸ್ಕೊಂಡೋರಲ್ಲಿ. ನಮ್ಮ ಲಾರಿ, ಬಸ್ಸು, ಟ್ಯಾಕ್ಸಿ ಡ್ರೈವರುಗಳನ್ನ ಸಾಲಾಗಿ ನಿಲ್ಲಿಸಿ ನೋಡಿದ್ರೆ ಇದೇ ಚಿತ್ರ ಅಲ್ವಾ ಸಾರ್.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತೋರು 1,68,491 ಜನ, ಇದು ಕೇಂದ್ರ ಸಾರಿಗೆ ಸಚಿವಾಲಯದ್ದೇ ಲೆಕ್ಕ. ಆ ವರದೀಲಿ ಕಾರಣಗಳ ಪಟ್ಟಿ ಇದೆ. ಅತಿ ವೇಗ, ಕುಡಿದು ಓಡಿಸಿದ್ದು, ರಾಂಗ್ ಸೈಡ್, ಸಿಗ್ನಲ್ ಜಂಪ್, ಮೊಬೈಲ್, ಕೊನೆಗೆ ಇತರೆ. ನಿದ್ದೆಗೆ ಅಂತ ಬೇರೆ ಕಾಲಂ ಇಲ್ಲ. ಕಣ್ಣು ಮುಚ್ಚಿದ ಡ್ರೈವರ್ ಬ್ರೇಕ್ ಹಾಕಲ್ಲ, ಹಂಗಾಗಿ ಗಾಡಿ ಅದೇ ವೇಗದಲ್ಲೇ ಹೋಗಿ ಗುದ್ದುತ್ತೆ, ಅದು ಅತಿ ವೇಗದ ಲೆಕ್ಕಕ್ಕೆ ಹೋಗಿಬಿಡುತ್ತೆ ಅಂತ ನನ್ನ ಅನಿಸಿಕೆ. 2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಹತ್ರ ನಿಂತಿದ್ದ ಲಾರಿಗೆ ಟಿಟಿ (ಟೆಂಪೋ ಟ್ರಾವೆಲರ್) ಗುದ್ದಿ 13 ಜನ ಹೋದ್ರಲ್ಲ ಸಾರ್, ದೇವರ ದರ್ಶನ ಮುಗಿಸ್ಕೊಂಡು ಭದ್ರಾವತಿ ಕಡೆಯ ತಮ್ಮೂರಿಗೆ ಬರ್ತಿದ್ದೋರು. ಅದೂ ನಸುಕಿನ ಹೊತ್ತೇ. ಆ ಡ್ರೈವರಿಗೆ ಈ ಕಾಯಿಲೆ ಇತ್ತು ಅಂತ ನಾನು ಹೇಳ್ತಿಲ್ಲ, ಆ ಮಾತು ಹೇಳೋ ಹಕ್ಕು ನನಗಿಲ್ಲ. ನಾನು ಕೇಳೋದು ಇಷ್ಟೇ, ಇಂಥ ಅಪಘಾತ ಆದಾಗ ಡ್ರೈವರಿಗೆ ನಿದ್ದೆ ಕಾಯಿಲೆ ಇತ್ತಾ ಅಂತ ಹುಡುಕೋ ಪದ್ಧತಿ ನಮ್ಮಲ್ಲಿ ಇದೆಯಾ? ರಕ್ತದಲ್ಲಿ ಮದ್ಯ ಇದೆಯಾ ಅಂತ ನೋಡ್ತಾರೆ, ಆಮೇಲೆ ನಿರ್ಲಕ್ಷ್ಯದ ಚಾಲನೆ ಅಂತ ಕೇಸ್ ಹಾಕ್ತಾರೆ, ಅಲ್ಲಿಗೆ ಮುಗೀತು.

ಇದಕ್ಕೆ ಚಿಕಿತ್ಸೆ ಇದೆ ಸಾರ್. ಸಿಪ್ಯಾಪ್ ಅಂತ ಒಂದು ಚಿಕ್ಕ ಮಷೀನು, ಮೂಗಿಗೆ ಮಾಸ್ಕ್ ಹಾಕ್ಕೊಂಡು ಮಲಗಿದ್ರೆ ಅದು ಗಾಳಿ ಒತ್ತಡ ಕೊಟ್ಟು ಗಂಟಲಿನ ದಾರಿ ಮುಚ್ಚದಂಗೆ ನೋಡ್ಕೊಳ್ಳುತ್ತೆ. ನಮಗೆ ಮಷೀನು ಮಾಸ್ಕು ಸೇರಿ 48 ಸಾವಿರ ಆಯ್ತು. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಗೊಂಡೆ, ಇನ್ನೂ ಕಟ್ತಿದೀನಿ. ಮೊದಲ ವಾರ ಅವರು ಮಾಸ್ಕ್ ಕಿತ್ತು ಬಿಸಾಕೋರು, ಉಸಿರು ಕಟ್ಟುತ್ತೆ ಅನ್ನೋರು. ಮಗಳು ದಿನಾ ಫೋನ್ ಮಾಡಿ ಗದರಿಸಿ ಅಭ್ಯಾಸ ಮಾಡಿಸಿದ್ಲು. ಆಮೇಲೆ ಇನ್ನೊಂದು ತೊಂದರೆ, ತಿಂಗಳಲ್ಲಿ ಇಪ್ಪತ್ತು ರಾತ್ರಿ ಮಲಗೋದು ಲಾರಿ ಕ್ಯಾಬಿನ್‌ನಲ್ಲಿ, ಅಲ್ಲಿ ಕರೆಂಟ್ ಎಲ್ಲಿಂದ ತರೋದು? ಲಾರಿ ಬ್ಯಾಟರಿ 24 ವೋಲ್ಟು. ಒಬ್ಬ ಎಲೆಕ್ಟ್ರಿಷಿಯನ್ ಹುಡುಗ ಒಂದು ಚಿಕ್ಕ ಇನ್ವರ್ಟರ್ ಕೂರಿಸಿ ಕೊಟ್ಟ, ಪುಣ್ಯಾತ್ಮ ಕೂಲಿನೂ ತಗೊಳ್ಳಲಿಲ್ಲ, ಅವನ ಅಣ್ಣನೂ ಡ್ರೈವರಂತೆ.

ಈಗ ಅವರು ಬೇರೆ ಮನುಷ್ಯನೇ ಆಗಿದಾರೆ. ಬೆಳಿಗ್ಗೆ ತಲೆನೋವಿಲ್ಲ, ಬಿಪಿ ಮಾತ್ರೆ ಒಂದಕ್ಕಿಳಿದಿದೆ, ಮಧ್ಯಾಹ್ನ ಮಗನ ಜೊತೆ ಕೂತು ಕ್ರಿಕೆಟ್ ನೋಡ್ತಾರೆ, ಕಣ್ಣು ಮುಚ್ಚಲ್ಲ. "ಇಷ್ಟು ವರ್ಷ ಮಂಜಿನೊಳಗೆ ಗಾಡಿ ಓಡಿಸ್ತಿದ್ದೆ ಅನ್ಸುತ್ತೆ" ಅಂದ್ರು ಒಂದಿನ. ಮಷೀನೊಳಗೆ ಒಂದು ಕಾರ್ಡ್ ಇದೆ, ಯಾವ ರಾತ್ರಿ ಎಷ್ಟು ಗಂಟೆ ಹಾಕ್ಕೊಂಡ್ರು, ಎಷ್ಟು ಸಲ ಉಸಿರು ನಿಂತಿತು ಎಲ್ಲಾ ಅದರಲ್ಲಿ ಬರುತ್ತೆ. ಗಂಟೆಗೆ 46 ಇದ್ದಿದ್ದು ಈಗ 3.

ಈಗ ಆ ಕೊನೇ ಪ್ರಶ್ನೆ. ಸಾರ್ವಜನಿಕರಿಗೆ ಅಪಾಯ ಆಗುವಂಥ ಬೇರೆ ಯಾವುದಾದರೂ ಕಾಯಿಲೆ ನಿಮಗಿದೆಯಾ ಅಂತ ನಾವು ತುಂಬೋ ಫಾರಂ ಕೇಳುತ್ತೆ. 2021ರಲ್ಲಿ ನಾನು ಇಲ್ಲ ಅಂತ ಬರೆದೆ. ಅದು ಸುಳ್ಳು ಅಂತ ಆಗ ನನಗೆ ಗೊತ್ತಿರಲಿಲ್ಲ. ಈಗ ಗೊತ್ತಿದೆ. ಹೌದು ಅಂತ ಬರೆದ್ರೆ ಏನಾಗುತ್ತೆ? 1988ರ ಮೋಟಾರು ವಾಹನ ಕಾಯ್ದೆ 8ನೇ ಸೆಕ್ಷನ್ ಪ್ರಕಾರ ಇಂಥ ಕಾಯಿಲೆ ಇದೆ ಅಂತ ಅರ್ಜಿಯಿಂದಾಗ್ಲಿ ಸರ್ಟಿಫಿಕೇಟಿಂದಾಗ್ಲಿ ಕಂಡ್ರೆ ಲೈಸೆನ್ಸ್ ನಿರಾಕರಿಸಬೇಕು, 16ನೇ ಸೆಕ್ಷನ್‌ನಲ್ಲಿ ಇರೋ ಲೈಸೆನ್ಸನ್ನೂ ರದ್ದು ಮಾಡೋ ಅಧಿಕಾರ ಇದೆ. ಆ ಅಧಿಕಾರ ಬೇಕು, ನಾನು ಬೇಡ ಅನ್ನಲ್ಲ. ಆದ್ರೆ ಸ್ಲೀಪ್ ಆಪ್ನಿಯಾ ಇದೆ, ಚಿಕಿತ್ಸೆ ತಗೋತಿದಾನೆ, ಮಷೀನ್ ಲೆಕ್ಕ ಸರಿಯಾಗಿದೆ, ಹಂಗಾಗಿ ಓಡಿಸಬಹುದು ಅಂತ ಬರೆಯೋಕೆ ಆ ಸರ್ಟಿಫಿಕೇಟಲ್ಲಿ ಜಾಗ ಎಲ್ಲಿದೆ? ಡಾಕ್ಟರಿಗೆ ಯಾವ ಮಾರ್ಗಸೂಚಿ ಇದೆ? ಆರ್‌ಟಿಒ ಕೌಂಟರಲ್ಲಿ ಕೂತೋರು ಏನಂತ ತೀರ್ಮಾನ ಮಾಡ್ತಾರೆ?

ಅವರ ಜೊತೆಗಾರ ಡ್ರೈವರುಗಳು ಎಲ್ರೂ ಒಂದೇ ಮಾತು ಹೇಳ್ತಾರೆ, "ಅಕ್ಕಾ, ಬಾಯಿ ಬಿಡಬೇಡಿ, ಲೈಸೆನ್ಸ್ ಹೋದ್ರೆ ಮನೆ ಬೀದಿಗೆ ಬರುತ್ತೆ". ಅವರಲ್ಲಿ ಇಬ್ಬರು ಗುಟ್ಟಾಗಿ ನನ್ನ ಹತ್ರ ಬಂದು "ನನಗೂ ಹಿಂಗೇ ಆಗುತ್ತೆ, ಟೆಸ್ಟ್ ಎಲ್ಲಿ ಮಾಡ್ತಾರೆ" ಅಂತ ಕೇಳಿ, ಆಮೇಲೆ ಟೆಸ್ಟಿಗೆ ಹೋಗಲೇ ಇಲ್ಲ. ರಿಪೋರ್ಟ್ ಬಂದ್ರೆ ಅದೇ ನಾಳೆ ಮುಳುವಾಗುತ್ತೆ ಅಂತ ಭಯ. ಕಾಯಿಲೆ ಇರಬಹುದಾದ ಆ ಇಬ್ಬರೂ ಇವತ್ತು ರಾತ್ರಿನೂ ಹೈವೇಲಿ ಇದಾರೆ. ಚಿಕಿತ್ಸೆ ತಗೊಂಡೋನಿಗೆ ಲೈಸೆನ್ಸ್ ಹೋಗೋ ಭಯ, ತಗೊಳ್ಳದೆ ಇರೋನಿಗೆ ಏನೂ ಇಲ್ಲ, ಈಗ ನಡೀತಿರೋದು ಇದು.

ಬೇರೆ ಕಡೆ ಹೆಂಗಿದೆ ಅಂತ ಮಗಳ ಕೈಲಿ ಹುಡುಕಿಸಿದೆ. ಯುರೋಪಿನ ದೇಶಗಳು 2014ರಲ್ಲಿ ಒಂದು ನಿಯಮ ಮಾಡಿದಾವೆ. ಮಧ್ಯಮ ಅಥವಾ ತೀವ್ರ ಆಪ್ನಿಯಾ ಇದ್ದು ಹಗಲು ವಿಪರೀತ ನಿದ್ದೆ ಬರೋರಾದ್ರೆ ಮೊದಲು ಚಿಕಿತ್ಸೆ ತಗೋಬೇಕು, ಕಾಯಿಲೆ ಹಿಡಿತಕ್ಕೆ ಬಂದಿದೆ, ಮಷೀನ್ ಸರಿಯಾಗಿ ಬಳಸ್ತಿದಾರೆ ಅಂತ ಡಾಕ್ಟರ್ ಬರೆದುಕೊಟ್ರೆ ಲೈಸೆನ್ಸ್ ಸಿಗುತ್ತೆ. ಲಾರಿ ಬಸ್ಸಿನ ಡ್ರೈವರುಗಳನ್ನ ವರ್ಷಕ್ಕೊಂದು ಸಲವಾದ್ರೂ ನೋಡ್ತಾರೆ, ಸಾಮಾನ್ಯ ಕಾರಿನೋರನ್ನ ಮೂರು ವರ್ಷಕ್ಕೆ. ನಮ್ಮಲ್ಲಿ 2019ರ ತಿದ್ದುಪಡಿ ಆದ ಮೇಲೆ ಲಾರಿ ಬಸ್ ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಹೋಯ್ತು. ಆರ್‌ಟಿಒ ಓಡಾಟ ತಪ್ಪಿತು ಅಂತ ನಾವೂ ಖುಷಿಪಟ್ಟಿದ್ವಿ, ಆದ್ರೆ ಐದು ವರ್ಷದಲ್ಲಿ ಒಬ್ಬ ಮನುಷ್ಯನ ಕುತ್ತಿಗೆ, ತೂಕ, ಬಿಪಿ ಎಷ್ಟು ಬದಲಾಗುತ್ತೆ ಅಂತ ಈಗ ನಮಗೆ ಗೊತ್ತು.

ಅಮೆರಿಕದಲ್ಲಿ ಟ್ರಕ್ ಡ್ರೈವರುಗಳ ಮೆಡಿಕಲ್ ಸರ್ಟಿಫಿಕೇಟ್ ಎರಡು ವರ್ಷಕ್ಕಿಂತ ಹೆಚ್ಚು ನಡೆಯಲ್ಲ. ಅಲ್ಲೂ ಆಪ್ನಿಯಾ ಪರೀಕ್ಷೆ ಕಡ್ಡಾಯ ಮಾಡೋಕೆ 2016ರಲ್ಲಿ ಹೊರಟು 2017ರಲ್ಲಿ ಕೈಬಿಟ್ರು. 2013ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ರೈಲು ಹಳಿ ತಪ್ಪಿ ನಾಲ್ಕು ಜನ ಸತ್ತಿದ್ರು, 2016ರ ಸೆಪ್ಟೆಂಬರ್‌ನಲ್ಲಿ ನ್ಯೂಜೆರ್ಸಿಯ ಹೊಬೋಕನ್ ಸ್ಟೇಷನ್ನಿಗೆ ರೈಲು ನುಗ್ಗಿ ಒಬ್ಬರು ಸತ್ತಿದ್ರು, ಎರಡರಲ್ಲೂ ಚಾಲಕರಿಗೆ ತೀವ್ರ ಆಪ್ನಿಯಾ ಇದ್ದಿದ್ದು ಅಪಘಾತ ಆದ ಮೇಲೆ ಗೊತ್ತಾಯ್ತು. ಇಷ್ಟಾದ್ರೂ ಕೈಬಿಟ್ಟಿದ್ದು ನನಗೆ ಅರ್ಥ ಆಗಲಿಲ್ಲ. ಆದ್ರೆ ಅಲ್ಲಿ ಒಂದು ದೊಡ್ಡ ಟ್ರಕ್ ಕಂಪನಿಯ ಡ್ರೈವರುಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಬಂದಿದೆ, ಅದನ್ನ ತಾವು ದಯವಿಟ್ಟು ತರಿಸಿ ನೋಡಬೇಕು. ಕಾಯಿಲೆ ಇದ್ದೂ ಮಷೀನ್ ಬಳಸದೆ ಇದ್ದ ಡ್ರೈವರುಗಳು ಬೇರೆಯವರಿಗಿಂತ ಐದು ಪಟ್ಟು ಜಾಸ್ತಿ ಗಂಭೀರ ಅಪಘಾತ ಮಾಡಿದ್ರು, ಮಷೀನ್ ಬಳಸಿದೋರು ಕಾಯಿಲೆ ಇಲ್ಲದೋರ ಹಂಗೇ ಇದ್ರು. ಇದನ್ನ ಓದಿದ ರಾತ್ರಿ ನನಗೆ ಎಷ್ಟು ಸಮಾಧಾನ ಆಯ್ತು ಅಂತ ಹೇಳೋಕಾಗಲ್ಲ.

ಫಾರಂ ಬದಲಾಯಿಸೋದು ಕೇಂದ್ರದ ಕೈಲಿದೆ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು, ಅದು ನಿಜಾನೇ. ಆದ್ರೆ ಆ ಫಾರಂಗೆ ಸಹಿ ಹಾಕೋ ಡಾಕ್ಟರುಗಳನ್ನ ಗೊತ್ತು ಮಾಡೋದು ರಾಜ್ಯ ಸರ್ಕಾರ. ಸಹಿ ಹಾಕೋ ಮುಂಚೆ ಮನುಷ್ಯನನ್ನ ಎದುರಿಗೆ ಕೂರಿಸಿಕೊಂಡು ಆ ಎಂಟು ಪ್ರಶ್ನೆ ಕೇಳಿ, ಕುತ್ತಿಗೆಗೆ ಟೇಪ್ ಹಿಡೀರಿ ಅಂತ ಅವರಿಗೆ ಒಂದು ಸುತ್ತೋಲೆ ಕಳಿಸೋಕೆ ದೆಹಲಿ ಅನುಮತಿ ಬೇಕಾಗಲ್ಲ ಅಂತ ನಾನು ಅನ್ಕೊಂಡಿದೀನಿ. ಉತ್ತರ ಹೇಳೋಕೆ ಹೆಂಡತಿನೋ ಮನೆಯವರೋ ಜೊತೇಲಿ ಬರಲಿ. ಡ್ರೈವರ್ ಒಬ್ಬನನ್ನೇ ಕೇಳಿದ್ರೆ ಇಲ್ಲ ಅಂತಾನೇ ಹೇಳ್ತಾನೆ, ಅವನಿಗೆ ಗೊತ್ತೂ ಇರಲ್ಲ, ಭಯಾನೂ ಇರುತ್ತೆ.

ಇನ್ನು ನಾಲ್ಕು ಸಾರಿಗೆ ನಿಗಮಗಳು ನಿಮ್ಮ ಇಲಾಖೇಲೇ ಇದಾವೆ. ಕೆಎಸ್‌ಆರ್‌ಟಿಸಿ ನೌಕರರಿಗೆ 2025ರ ಜನವರೀಲಿ ನಗದುರಹಿತ ಆರೋಗ್ಯ ಯೋಜನೆ ತಂದ್ರಿ, ಜಯದೇವ ಆಸ್ಪತ್ರೆ ಜೊತೆ ಸೇರಿ ಹೃದಯ ತಪಾಸಣೆ ಮಾಡಿಸಿದ್ರಿ, ಅದೆಲ್ಲಾ ನಿಜವಾಗ್ಲೂ ಒಳ್ಳೇ ಕೆಲಸ. 2024ರ ನವೆಂಬರ್‌ನಲ್ಲಿ ಬೆಂಗಳೂರಲ್ಲಿ ಬಿಎಂಟಿಸಿ ಡ್ರೈವರ್ ಒಬ್ಬರು ಬಸ್ ಓಡಿಸ್ತಾ ಓಡಿಸ್ತಾನೇ ಹೃದಯಾಘಾತ ಆಗಿ ಕುಸಿದ್ರು, ಕಂಡಕ್ಟರ್ ಹಾರಿ ಬಂದು ಬಸ್ ನಿಲ್ಲಿಸಿದ್ರು, ಆ ವಿಡಿಯೋ ನೋಡಿ ನಾನು ಅತ್ತಿದೀನಿ. ಹೃದಯಕ್ಕೂ ಈ ನಿದ್ದೆ ಕಾಯಿಲೆಗೂ ನಂಟಿದೆ. ಚಿಕಿತ್ಸೆ ಇಲ್ಲದೆ ಬಿಟ್ರೆ ಬಿಪಿ, ಹೃದಯದ ಬಡಿತ ಎರಡೂ ಕೆಡಬಹುದು. ಹೃದಯ ತಪಾಸಣೆಗೆ ಅಂತ ಕರೆಸಿದ ಅದೇ ದಿನ ಅದೇ ಟೇಬಲ್ಲಲ್ಲಿ ಆ ಎಂಟು ಪ್ರಶ್ನೆನೂ ಕೇಳಿಬಿಡಿ. ಅಂಕ ಜಾಸ್ತಿ ಬಂದೋರಿಗೆ ಒಂದು ರಾತ್ರಿಯ ಟೆಸ್ಟ್ ಕಿಟ್ ಕೊಟ್ಟು ಕಳಿಸಿ. ಜಿಲ್ಲಾಸ್ಪತ್ರೆಗಳಲ್ಲಿ ಇಂಥ ಕಿಟ್ ನಾಲ್ಕು ಇದ್ರೂ ಸಾಕು, ನಮ್ಮಂಥೋರೂ ಬರ್ತೀವಿ. ಎಲ್ರೂ ಬೆಂಗಳೂರಿನ ನಿಮ್ಹಾನ್ಸ್ ತನಕ ಹೋಗೋಕಾಗಲ್ಲ.

ಟೆಸ್ಟಲ್ಲಿ ಕಾಯಿಲೆ ಅಂತ ಬಂದೋರನ್ನ ಮನೆಗೆ ಮಾತ್ರ ಕಳಿಸಬೇಡಿ. ಮಷೀನ್ ಹೊಂದಿಕೊಳ್ಳೋ ತನಕ ಡಿಪೋ ಒಳಗೆ ಬೇರೆ ಕೆಲಸ ಕೊಡಿ, ಸಂಬಳ ಕಮ್ಮಿ ಮಾಡಬೇಡಿ, ಒಂದು ತಿಂಗಳ ಲೆಕ್ಕ ನೋಡಿ ವಾಪಸ್ ಸ್ಟೇರಿಂಗ್‌ಗೆ ಬಿಡಿ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೆಲಂಗಾಣ ಸಾರಿಗೆ ನಿಗಮದ ಒಬ್ಬ ಡ್ರೈವರ್ ಕೇಸಲ್ಲಿ ಹೇಳಿದೆಯಲ್ಲ, ಬಣ್ಣ ಗುರುತಿಸೋಕಾಗಲ್ಲ ಅಂತ ಕೆಲಸದಿಂದ ತೆಗೆದದ್ದು ತಪ್ಪು, ಬದಲಿ ಕೆಲಸ ಕೊಡಬೇಕಿತ್ತು ಅಂತ. ಬಣ್ಣದ ಕುರುಡಿಗೆ ಚಿಕಿತ್ಸೆ ಇಲ್ಲ. ಇದಕ್ಕೆ ಇದೆ.

ಖಾಸಗಿ ಲಾರಿ ಡ್ರೈವರುಗಳಿಗೆ ಡಿಪೋ ಇಲ್ಲ, ಬದಲಿ ಕೆಲಸ ಅನ್ನೋದೇ ಇಲ್ಲ, ಮಾಲೀಕರು ನಾಳೆ ಇನ್ನೊಬ್ಬನನ್ನ ಕೂರಿಸ್ತಾರೆ. ನಮಗೆ ಇರೋದು ಕಾರ್ಮಿಕ ಇಲಾಖೆಯ ಮೋಟಾರು ಸಾರಿಗೆ ಕಾರ್ಮಿಕರ ಕಲ್ಯಾಣ ಮಂಡಳಿ. ಅಪಘಾತದಲ್ಲಿ ಡ್ರೈವರ್ ಸತ್ರೆ ಕುಟುಂಬಕ್ಕೆ 5 ಲಕ್ಷ ಕೊಡೋ ಯೋಜನೆ ಇದೆ. ಅದಕ್ಕೆ ಕೈಮುಗಿದೇ ಹೇಳ್ತೀನಿ ಸಾರ್, ಬದುಕಿದಾಗ ಒಂದು ಮಷೀನಿಗೆ ಅದರ ಹತ್ತನೇ ಒಂದು ಭಾಗ ಕೊಡೋಕೆ ಸಾಧ್ಯ ಇದೆಯಾ ಅಂತ ಕಾರ್ಮಿಕ ಸಚಿವರ ಜೊತೆ ಕೂತು ಮಾತಾಡಿ. 2025ರ ಅಕ್ಟೋಬರಿಂದ ಹೊಸ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಮಾಡಿದಾರೆ, ಡ್ರೈವರ್ ಮೈ ದಣೀಬಾರದು ಅಂತ ಯಾರೋ ಯೋಚನೆ ಮಾಡಿದಾರೆ ಅಂತಾಯ್ತಲ್ಲ. ಹಂಗೇ ಈ ಮಷೀನ್ ಹಾಕೋಕೆ ಕ್ಯಾಬಿನ್‌ನಲ್ಲಿ ಒಂದು ಪ್ಲಗ್ ಪಾಯಿಂಟ್ ಇರಲಿ, ಲಾರಿ ಟರ್ಮಿನಲ್ಲಲ್ಲಿ ಕರೆಂಟ್ ಇರೋ ಹತ್ತು ಹಾಸಿಗೆ ಇರಲಿ.

ಕೆಲಸದ ಗಂಟೆ ಬಗ್ಗೆ ಜಾಸ್ತಿ ಬರೆಯಲ್ಲ, ಅದು ಬೇರೆನೇ ದೊಡ್ಡ ಕಥೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೇಲೇ ದಿನಕ್ಕೆ 8 ಗಂಟೆ ಅಂತ ಬರೆದಿದ್ರು, ನಮ್ಮನೆಯವರು 23 ವರ್ಷದಲ್ಲಿ 8 ಗಂಟೆಯ ದಿನ ಎಷ್ಟು ನೋಡಿದಾರೆ ಅಂತ ಬೆರಳಲ್ಲಿ ಎಣಿಸಬಹುದು. ಆದ್ರೆ ಗಂಟೆ ಕಮ್ಮಿ ಮಾಡಿದ್ರೂ, ಮಲಗಿದಾಗ ಉಸಿರು ನಿಲ್ಲೋನಿಗೆ ಆ ವಿಶ್ರಾಂತಿ ಮೈಗೆ ಹತ್ತಲ್ಲ. ಎರಡನ್ನೂ ಸೇರಿಸಿ ನೋಡಬೇಕು.

ನಮ್ಮನೆಯವರಿಗೆ ಈ ಪತ್ರ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ "ಹೆಸರು ಹಾಕಬೇಡ, ಆದ್ರೆ ಕಳಿಸು, ಆ ಟೆಂಪೋದೋರು ಇನ್ನೂ ಕಣ್ಮುಂದೆ ಬರ್ತಾರೆ" ಅಂದ್ರು. ಅದಕ್ಕೇ ಹೆಸರು ಹಾಕಿಲ್ಲ, ಕ್ಷಮಿಸಿ.

ಈ ಸಲ ಏಜೆಂಟ್ ಹತ್ರ ಹೋಗಲ್ಲ ಅಂತ ತೀರ್ಮಾನ ಮಾಡಿದೀವಿ. ರಿಪೋರ್ಟು, ಮಷೀನ್ ಕಾರ್ಡಿನ ಲೆಕ್ಕ, ಡಾಕ್ಟರ್ ಚೀಟಿ ಎಲ್ಲಾ ಒಂದು ಫೈಲಲ್ಲಿ ಹಾಕಿಟ್ಟಿದೀನಿ. ಫಾರಂನ ಬೇರೆ ಎಲ್ಲಾ ಸಾಲೂ ತುಂಬಿ ಆಗಿದೆ. ಕೊನೇ ಪ್ರಶ್ನೆ ಮುಂದೆ ಹೌದು, ಇಲ್ಲ ಅಂತ ಎರಡೇ ಇದೆ. ನಾನು ಯಾವುದನ್ನ ಬರೀಲಿ ಸಾರ್, ತಾವು ತಿಳಿಸಿದ್ರೆ ಅದನ್ನೇ ಬರೀತೀನಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲಾರಿ ಡ್ರೈವರ್ ಹೆಂಡತಿ
ದಾವಣಗೆರೆ ಜಿಲ್ಲೆ